ಸವೆದ ಹಲ್ಲು, ನಿಂತ ಲೆಕ್ಕ

ನೀತಿಯ ಪ್ರಶ್ನೆಗಳೆಲ್ಲ ಗ್ರಂಥಗಳಿಂದಲೇ ಏಳಬೇಕೆಂಬ ನಿಯಮವಿಲ್ಲ. ಕಳೆದ ಮಳೆಗಾಲವು ಮುಗಿಯುತ್ತಿದ್ದ ದಿನಗಳಲ್ಲಿ ಅಂಥದೊಂದು ಪ್ರಶ್ನೆಯು ನಮಗೆ ಎದುರಾದುದು ಕಾಸರಗೋಡಿನ ಹೊರವಲಯದ ಒಂದು ಮೋಟಾರು ಗ್ಯಾರೇಜಿನಲ್ಲಿ. ಕೇಳಿದವರು, ನಲುವತ್ತು ವರ್ಷಗಳಿಂದ ವಾಹನಗಳ ಅಡಿಯಲ್ಲಿ ಮಲಗಿ ಅವುಗಳ ರೋಗವನ್ನು ಹುಡುಕುತ್ತ ಬಂದ ಒಬ್ಬ ವೃದ್ಧ ಮೇಸ್ತ್ರಿಗಳು. ಬಿಚ್ಚಿಟ್ಟ ಒಂದು ಸ್ಪೀಡೋಮೀಟರನ್ನು ಎಡಗೈಯಲ್ಲಿ ಹಿಡಿದುಕೊಂಡು, ಚಹಾಕ್ಕೆ ಸಕ್ಕರೆ ಎಷ್ಟೆಂದು ವಿಚಾರಿಸುವಷ್ಟೇ ಸಹಜವಾಗಿ ಅವರು ಕೇಳಿದರು: "ಮಾಷ್ಟ್ರೇ, ಇದನ್ನು ಎಷ್ಟಕ್ಕೆ ಇಡುವುದು?"

ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೊಡನೆ ನಾವು ಕೆಲವು ದಿನ ಕಳೆದೆವು. ಅಧ್ಯಾಪಕ ಬಂಧುಗಳೂ ಮೇಲಿನ ತರಗತಿಯ ವಿದ್ಯಾರ್ಥಿಗಳೂ ಅದನ್ನು ತಮ್ಮದೆಂದು ಭಾವಿಸಿ ವಿಚಾರಮಾಡಬಹುದೆಂದು ತೋರಿದುದರಿಂದ ಈ ಬರಹ.

ಮೊದಲು ಸಂದರ್ಭವನ್ನು ಹೇಳಬೇಕು. ಆ ಮೀಟರು 1955ರ ಒಂದು ಮೋರಿಸ್ ಮೈನರ್ ಕಾರಿನದು. ಕಾರು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಸೊತ್ತು. ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರು ಈಗ್ಗೆ ಎರಡು ವರ್ಷಗಳ ಕೆಳಗೆ ತೀರಿಕೊಂಡರು. ಅವರ ಪತ್ನಿಯೂ ಅಧ್ಯಾಪನದಲ್ಲಿಯೇ ಬಾಳನ್ನು ಕಳೆದವರು; ಊರಿಗೆಲ್ಲ ಅವರು ಟೀಚರು. ಮನೆಯ ಜಗಲಿಯ ಪಕ್ಕದಲ್ಲಿ ತುಕ್ಕು ಹಿಡಿಯುತ್ತ ನಿಂತ ಕಾರನ್ನು ನೋಡಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಮಂಗಳೂರಿನ ಗೃಹಸ್ಥರೊಬ್ಬರು ಹಳೆಯ ಕಾರುಗಳನ್ನು ಕೊಂಡು ಜೋಪಾನಮಾಡುವವರು. ಅವರು ಬಂದು ನೋಡಿದರು. ನೋಂದಣಿಯಾಗಿ ಐವತ್ತು ವರ್ಷ ದಾಟಿ, ಮೂಲಸ್ವರೂಪದಲ್ಲಿಯೇ ಉಳಿದ ವಾಹನವನ್ನು ವಿಂಟೇಜೆಂದು ಪರಿಗಣಿಸುವ ನಿಯಮವನ್ನು ಕೇಂದ್ರ ಸರಕಾರವು 2021ರಲ್ಲಿ ತಂದಿದೆ. ಆ ಮಾನ್ಯತೆಗೆ ಈ ಕಾರು ಅರ್ಹವೆಂಬುದು ಅವರಿಗೆ ಸಂತೋಷದ ವಿಷಯವಾಯಿತು. ಅದಕ್ಕಿಂತಲೂ ಹೆಚ್ಚಿನ ಸಂತೋಷವನ್ನು ಕೊಟ್ಟುದು ಮುಂಭಾಗದ ಹಲಗೆಯ ನಡುವೆ ಕುಳಿತಿದ್ದ ಒಂದೇ ಒಂದು ದೊಡ್ಡ ದುಂಡು ಮೀಟರು. ಅದರಲ್ಲಿ 61,347 ಎಂದಿತ್ತು. "ಇಷ್ಟು ವರ್ಷಕ್ಕೆ ಇಷ್ಟೇ ಮೈಲು ಓಡಿದ ಕಾರು ಸಿಕ್ಕುವುದು ಕಷ್ಟ" ಎಂದು ಅವರು ಹೇಳಿ, ನಾವು ಯಾರೂ ನಿರೀಕ್ಷಿಸದ ಬೆಲೆಯನ್ನು ನುಡಿದರು. ಮುಳ್ಳು ನಡುಗುತ್ತಿದೆಯಾದುದರಿಂದ ಮೀಟರನ್ನು ಒಮ್ಮೆ ದುರಸ್ತಿ ಮಾಡಿಸಿದರೆ ಒಳ್ಳೆಯದೆಂದೂ ಸೂಚಿಸಿ ಹೋದರು. ಆ ಕಾರಿನಲ್ಲಿಯೇ ಸ್ಟಿಯರಿಂಗು ಹಿಡಿಯಲು ಕಲಿತವರಾದ ನಾವು ಆ ಕೆಲಸವನ್ನು ವಹಿಸಿಕೊಂಡೆವು.

ಗ್ಯಾರೇಜಿಗೆ ಒಯ್ಯುವ ದಾರಿಯಲ್ಲಿಯೇ ವಿಷಯವು ತಿಳಿಯಿತು. ಮುಳ್ಳು ನಡುಗುತ್ತ ಕುಣಿಯುತ್ತ ಹೇಗೋ ವೇಗವನ್ನು ತೋರಿಸುತ್ತಿತ್ತು. ಅಂಕಿಗಳು ಮಾತ್ರ ಅಲುಗಲಿಲ್ಲ. ಎಷ್ಟು ದೂರ ಹೋದರೂ 61,347. ಲೆಕ್ಕವು ಯಾವಾಗಲೋ ನಿಂತಿತ್ತು. ಯಾವಾಗ ಎಂಬುದನ್ನು ಹೇಳಬಲ್ಲವರು ಈಗ ಇರಲಿಲ್ಲ.

ಮುಳ್ಳು ಬದುಕಿದ್ದು ಅಂಕಿ ಸಾಯುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ಪೀಡೋಮೀಟರೆಂಬ ಡಬ್ಬಿಯಲ್ಲಿ ವಾಸ್ತವವಾಗಿ ಎರಡು ಯಂತ್ರಗಳು ಒಂದೇ ಸೂರಿನ ಕೆಳಗೆ ಸಂಸಾರ ಮಾಡುತ್ತವೆ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಹಿಂಗಾಲಿಗಳತ್ತ ಹೋಗುವ ದಂಡದ ಮೇಲೆ ಸುರುಳಿಹಲ್ಲಿನ ಒಂದು ಗೇರು ಇರುತ್ತದೆ. ಅದಕ್ಕೆ ಹಲ್ಲು ಕೂಡಿಸಿಕೊಂಡು ಚಿಕ್ಕದೊಂದು ಹಲ್ಲುಗಾಲಿಯು ತಿರುಗುತ್ತದೆ. ಈ ಚಿಕ್ಕ ಗಾಲಿಗೆ ಮೀಟರಿನ ಕೇಬಲನ್ನು ಸಿಕ್ಕಿಸಿರುತ್ತಾರೆ. ಹೊರಗೆ ಕವಚ, ಒಳಗೆ ಎಳೆಗಳನ್ನು ಬಿಗಿಯಾಗಿ ಸುತ್ತಿ ಮಾಡಿದ ಬಾಗುವ ತಂತಿ. ಕಾರು ಚಲಿಸಿದಂತೆ ಒಳತಂತಿಯು ತಿರುಗುತ್ತ ಡಬ್ಬಿಯೊಳಗಿನ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಮುಟ್ಟದೆ, ಆದರೆ ಬಲು ಸಮೀಪದಲ್ಲಿ, ಅಲ್ಯೂಮಿನಿಯಮ್ಮಿನ ಒಂದು ಹಗುರವಾದ ಬಟ್ಟಲಿದೆ. ಅಯಸ್ಕಾಂತವು ತಿರುಗಿದಾಗ ಬಟ್ಟಲಿನಲ್ಲಿ ಸುಳಿಯ ವಿದ್ಯುತ್ಪ್ರವಾಹಗಳು ಹುಟ್ಟಿ ಅದನ್ನು ತಮ್ಮೊಡನೆ ಎಳೆಯುತ್ತವೆ. ಕೂದಲಿನಂಥ ಒಂದು ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟವು ಎಲ್ಲಿ ಸಮನಾಗುವುದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಇದು ಜರ್ಮನಿಯ ಓಟ್ಟೋ ಶುಲ್ಝೆ ಎಂಬವರು 1902ರಲ್ಲಿ ಪೇಟೆಂಟು ಪಡೆದ ಉಪಾಯ. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನದಾದರೂ ಇಂದಿಗೂ ನೋಡಿ ಬೆರಗಾಗತಕ್ಕದ್ದು.

ಹೀಗಾಗಿ ಮುಳ್ಳಿಗೂ ಅಯಸ್ಕಾಂತಕ್ಕೂ ಹಲ್ಲಿನ ಸಂಬಂಧವೇ ಇಲ್ಲ. ಅಂಕಿಗಳ ಸಂಗತಿ ಬೇರೆ. ಅಯಸ್ಕಾಂತವನ್ನು ಹೊತ್ತ ಕಡ್ಡಿಯಿಂದಲೇ ಮತ್ತೊಂದು ಸುರುಳಿಹಲ್ಲಿನ ಮೂಲಕ ಸಣ್ಣ ಗೇರುಗಳಿಗೆ ಚಲನೆ ಇಳಿದು, ಅವು ಅಂಕಿ ಬರೆದ ಗಾಲಿಗಳನ್ನು ತಿರುಗಿಸುತ್ತವೆ. ಹತ್ತು ಸಲ ಒಂದು ಗಾಲಿ ಜರುಗಿದರೆ ಅದರ ಎಡದ ಗಾಲಿಯು ಒಮ್ಮೆ ಜರುಗುತ್ತದೆ. ಇಲ್ಲಿ ಎಲ್ಲವೂ ಹಲ್ಲಿನಿಂದ ಹಲ್ಲಿಗೆ. ಮುಳ್ಳು ಈ ಕ್ಷಣವನ್ನು ಮಾತ್ರ ಬಲ್ಲದು. ಕಾರು ನಿಂತೊಡನೆ ಎಲ್ಲವನ್ನೂ ಮರೆತು ಸೊನ್ನೆಗೆ ಮರಳುತ್ತದೆ. ನೆನಪಿಡುವ ಕೆಲಸವು ಅಂಕಿಗಾಲಿಗಳದು. ಅವುಗಳನ್ನು ನಡೆಸುವ ಸಣ್ಣ ಗೇರೊಂದರ ಹಲ್ಲು ಸವೆದರೆ ಸಾಕು, ಮುಳ್ಳು ಎಂದಿನಂತೆ ಎದ್ದು ಬೀಳುತ್ತಿರುವಾಗಲೇ ನೆನಪು ನಿಂತುಹೋಗುತ್ತದೆ. ಮುಳ್ಳು ಆಡುತ್ತಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಮೇಸ್ತ್ರಿಗಳು ಡಬ್ಬಿಯ ಅಂಚಿನ ಬಳೆಯನ್ನು ಮೆಲ್ಲಗೆ ಎಬ್ಬಿಸಿ ಗಾಜನ್ನು ತೆಗೆದರು. ಒಳಗೆ ಕಂಡುದು ಕಪ್ಪು ಬಣ್ಣದ, ಹಲಸಿನ ಮೇಣದಂಥ ಅಂಟು. ಹಿಂದೊಮ್ಮೆ ಕೇಬಲು ಕಿರುಗುಟ್ಟಿದಾಗ ಯಾರೋ ಎಂಜಿನ್ನಿನ ಎಣ್ಣೆಯನ್ನು ಧಾರಾಳವಾಗಿ ಸುರಿದಿದ್ದರೆಂದು ಅವರ ಅಭಿಪ್ರಾಯ. ಪಾಪ, ಸುರಿದವರು ಉಪಕಾರವೆಂದೇ ಎಣಿಸಿರಬೇಕು. ಕೇಬಲಿನ ಒಳತಂತಿಯು ಸುರುಳಿ ಸುತ್ತಿದ್ದಾದುದರಿಂದ, ತಿರುಗುವಾಗ ಅದು ತಿರುಪುಮೊಳೆಯಂತೆ ಎಣ್ಣೆಯನ್ನು ಮೇಲಕ್ಕೆ ಏರಿಸಿ ಮೀಟರಿನೊಳಕ್ಕೆ ತಲುಪಿಸುತ್ತದೆ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಇರಬೇಕಾದುದು ಗಾಳಿ ಮಾತ್ರ. ಅಲ್ಲಿ ಎಣ್ಣೆ ಸೇರಿದರೆ ಬಟ್ಟಲನ್ನು ಅದು ಹಿಡಿದೆಳೆದು, ಮುಳ್ಳು ನಿಜಕ್ಕಿಂತ ಹೆಚ್ಚಿನ ವೇಗವನ್ನು ತೋರಿಸುತ್ತದೆ. ಕಾಲಕ್ರಮದಲ್ಲಿ ಧೂಳು ಬೆರೆತು ಎಣ್ಣೆಯು ಅಂಟಾಗುತ್ತದೆ. ಅಂಕಿಗಾಲಿಗಳ ಕಡ್ಡಿಯು ಆ ಅಂಟಿನಲ್ಲಿ ಬಿಗಿಯಾಯಿತು. ತಿರುಗಿಸಲು ಹೋದ ಸಣ್ಣ ಗೇರು ತನ್ನ ಹಲ್ಲುಗಳನ್ನು ಕಳೆದುಕೊಂಡಿತು. ಸವೆದ ಹಲ್ಲು ಇಲ್ಲಿ ರೋಗದ ಗುರುತು ಮಾತ್ರ. ಅಂಟನ್ನು ತೆಗೆಯದೆ ಹೊಸ ಗೇರನ್ನು ಕೂರಿಸಿದ್ದರೆ ಅದಕ್ಕೂ ಅದೇ ಗತಿಯಾಗುತ್ತಿತ್ತು.

ಎಣ್ಣೆಯ ವಿಷಯದಲ್ಲಿ ಮೇಸ್ತ್ರಿಗಳ ಜಿಪುಣತನವು ನಮಗೆ ಬಹಳ ಹಿಡಿಸಿತು. ಒಳತಂತಿಯನ್ನು ಪೂರ್ತಿ ಹೊರಕ್ಕೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮೇಜಿನ ಮೇಲೆ ಉರುಳಿಸಿದರು. ನೇರವಾಗಿದ್ದ ಕಡೆ ಅದು ಸಲೀಸಾಗಿ ಉರುಳಿತು. ಒಂದು ಕಡೆ ಎಗರಿತು. ಅಲ್ಲೊಂದು ಮಡಿಕೆ ಇತ್ತು. ಮುಳ್ಳಿನ ನಡುಕಕ್ಕೆ ಅದು ಒಂದು ಕಾರಣ. ಮಡಿಕೆ ಬಿದ್ದ ತಂತಿಯನ್ನು ನೇರಮಾಡಲಾಗುವುದಿಲ್ಲವೆಂದು ಬೇರೆ ತಂತಿಯನ್ನು ತರಿಸಿದರು. ಗ್ರಾಫೈಟು ಬೆರೆತ ಗ್ರೀಸನ್ನು ಎರಡು ಬೆರಳಿನಲ್ಲಿ ತೆಗೆದುಕೊಂಡು ಕೆಳಗಿನ ಭಾಗಕ್ಕೆ ತೆಳ್ಳಗೆ ಸವರಿ, ಮೀಟರಿನ ಕಡೆಯ ಏಳೆಂಟು ಅಂಗುಲವನ್ನು ಒಣದಾಗಿಯೇ ಬಿಟ್ಟರು. ಮೀಟರಿನ ಒಳಗಿನ ಕಡ್ಡಿ ಕೂರುವ ತೂತಿಗೆ ಗಡಿಯಾರದ ಎಣ್ಣೆಯ ಒಂದು ಹನಿ. ಅದೂ ಸೂಜಿಯ ತುದಿಯಿಂದ. ಅಂಕಿಗಾಲಿಗಳ ಮುಖಕ್ಕೆ ಏನೂ ಇಲ್ಲ, ಮೆತ್ತನೆಯ ಕುಂಚ ಮಾತ್ರ.

ಇನ್ನು ಗೇರು. ಒಳಗಿನ ಸಣ್ಣ ಗೇರು, ಗುಜರಿಯಿಂದ ತಂದ ಅದೇ ಜಾತಿಯ ಮತ್ತೊಂದು ಮೀಟರಿನಲ್ಲಿ ದೊರೆಯಿತು. ಗೇರ್‌ಬಾಕ್ಸಿನ ಬದಿಯ ಚಿಕ್ಕ ಹಲ್ಲುಗಾಲಿಯೂ ಸವೆದಿತ್ತಾದುದರಿಂದ ಅದನ್ನೂ ಬದಲಿಸಬೇಕಾಯಿತು. ಇಲ್ಲಿ ಹಲ್ಲುಗಳನ್ನು ಎಣಿಸದೆ ಕೈಹಾಕತಕ್ಕದ್ದಲ್ಲ. ಇಪ್ಪತ್ತು ಹಲ್ಲು ಇರಬೇಕಾದ ಕಡೆ ಹದಿನೆಂಟು ಹಲ್ಲಿನದನ್ನು ಕೂರಿಸಿದರೆ, ಕೇಬಲು ಒಂಬತ್ತು ಸುತ್ತು ತಿರುಗಬೇಕಾದಲ್ಲಿ ಹತ್ತು ಸುತ್ತು ತಿರುಗುತ್ತದೆ; ಗಂಟೆಗೆ 45 ಮೈಲು ಹೋಗುವವನಿಗೆ 50 ಎಂದು ತೋರುತ್ತದೆ, ಒಂಬತ್ತು ಸಾವಿರ ಮೈಲು ಓಡಿದ ಕಾರು ಹತ್ತು ಸಾವಿರ ಓಡಿದೆನೆಂದು ಹೇಳಿಕೊಳ್ಳುತ್ತದೆ. ಸರಿಯಾಗಿದೆಯೆ ಎಂದು ನೋಡಲು ಹಳೆಯದೊಂದು ಕ್ರಮವಿದೆ. ಕೇಬಲನ್ನು ಮೀಟರಿನಿಂದ ಬಿಡಿಸಿ, ಒಳತಂತಿಯ ತುದಿಗೆ ಕಾಗದದ ಒಂದು ಬಾಣವನ್ನು ಸಿಕ್ಕಿಸಿ, ಹಿಂಗಾಲಿಗಳು ಆರು ಸುತ್ತು ತಿರುಗುವಷ್ಟು ದೂರ ಕಾರನ್ನು ನೇರವಾಗಿ ತಳ್ಳಬೇಕು. ಬಾಣವು ತಿರುಗಿದ ಸುತ್ತುಗಳನ್ನು 1680ರಿಂದ ಗುಣಿಸಿ, ಗಾಲಿಯ ಮಧ್ಯದಿಂದ ನೆಲದ ವರೆಗಿನ ಅಂಗುಲಗಳಿಂದ ಭಾಗಿಸಿದರೆ, ಒಂದು ಮೈಲಿಗೆ ಕೇಬಲು ತಿರುಗುವ ಸುತ್ತುಗಳು ಬರುತ್ತವೆ. ಬಾಣವು ಹತ್ತು ಸುತ್ತು ತಿರುಗಿ, ಆ ಅಳತೆಯು 12 ಅಂಗುಲವಾದರೆ, 1400. ಅನೇಕ ಇಂಗ್ಲಿಷ್ ಮೀಟರುಗಳ ಮುಖದಲ್ಲಿ ಸಣ್ಣ ಅಕ್ಷರದಲ್ಲಿ ಈ ಸಂಖ್ಯೆಯೇ ಅಚ್ಚಾಗಿರುತ್ತದೆ, ಎರಡೂ ಹೊಂದಬೇಕು. 1680 ಎಲ್ಲಿಂದ ಬಂದಿತೆಂಬುದನ್ನು, ಮೈಲಿಗೆ 63,360 ಅಂಗುಲವೆಂಬುದನ್ನೂ ವೃತ್ತದ ಪರಿಧಿಯನ್ನೂ ನೆನೆದು, ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ.

ಇಷ್ಟೆಲ್ಲ ಆದ ಬಳಿಕ, ಡಬ್ಬಿಯು ಇನ್ನೂ ತೆರೆದಿರುವಾಗ, ಮೇಸ್ತ್ರಿಗಳು ಆ ಪ್ರಶ್ನೆಯನ್ನು ಕೇಳಿದುದು. ಅಂಕಿಗಾಲಿಗಳ ಕಡ್ಡಿಯು ಆಗ ಅವರ ಕೈಯಲ್ಲಿತ್ತು. ಬೆರಳಿನಿಂದ ತಿರುಗಿಸಿ ಯಾವ ಸಂಖ್ಯೆಗೆ ಬೇಕಾದರೂ ಇಡಬಹುದಾಗಿತ್ತು. ಕೆಲವರು ಸೊನ್ನೆಗೆ ಇಡಿಸುತ್ತಾರೆ, ಮಾರುವವರು ಹಿಂದಕ್ಕೆ ತಿರುಗಿಸಲು ಹೇಳುತ್ತಾರೆ, ಕೆಲವರು ಏನೂ ಹೇಳುವುದಿಲ್ಲವೆಂದು ಅವರು ವಿವರಿಸಿದರು. ಹಿಂದಕ್ಕೆ ತಿರುಗಿಸುವ ಮಾತು ನಮ್ಮಲ್ಲಿ ಹುಟ್ಟಲೇ ಇಲ್ಲ. ಅದು ಮೋಸವೆಂಬುದನ್ನು ಅರಿಯಲು ವಿಚಾರವೇ ಬೇಡ.

ನಮಗೆ ತೋರಿದುದು ಅದಕ್ಕೆ ವಿರುದ್ಧವಾದ ದಾರಿ. ಟೀಚರ ಮನೆಯಲ್ಲಿ ಮುಖ್ಯೋಪಾಧ್ಯಾಯರು ಇಟ್ಟಿದ್ದ ಪೆಟ್ರೋಲಿನ ಚೀಟಿಗಳ ಕಟ್ಟು ಇತ್ತು. ಕೊನೆಯ ಸರ್ವಿಸಿನ ರಸೀತಿಯಲ್ಲಿ ಆಗಿನ ಅಂಕಿಯೂ ತಾರೀಕೂ ಇದ್ದುವು. ಅಂದಿಗೆ ಅಂಕಿ 61,000ವನ್ನು ಇನ್ನೂ ಮುಟ್ಟಿರಲಿಲ್ಲ. ಅಲ್ಲಿಂದ ಮುಂದೆ ಕೊಂಡ ಪೆಟ್ರೋಲನ್ನು ಕೂಡಿಸಿ ನೋಡಿದರೆ, ಮೀಟರು ನಿಂತ ಮೇಲೆ ಕಾರು ಒಂಬತ್ತರಿಂದ ಹದಿನಾಲ್ಕು ಸಾವಿರ ಮೈಲು ಓಡಿರಬೇಕೆಂದು ಲೆಕ್ಕ ಸಿಕ್ಕಿತು. ನಡುವಿನ ಸಂಖ್ಯೆಯನ್ನು ಹಿಡಿದು 72,847ಕ್ಕೆ ಇಟ್ಟುಬಿಡಿ ಎಂದೆವು. ನಷ್ಟವಾದರೂ ಸತ್ಯದ ಕಡೆಗೆ ನಿಂತೆವೆಂಬ ಹೆಮ್ಮೆಯೂ ಆ ಕ್ಷಣದಲ್ಲಿ ಇಲ್ಲದಿರಲಿಲ್ಲ. ಮೇಸ್ತ್ರಿಗಳು ನಕ್ಕರು. "ಜಾಸ್ತಿ ಮಾಡಿ ಇಡಿ ಎಂದವರು ನೀವೇ ಮೊದಲು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅದು ಓಡಿ ಬಂದ ಅಂಕಿ ಅಲ್ಲವಲ್ಲ ಮಾಷ್ಟ್ರೇ. ನೀವು ಬರೆದ ಅಂಕಿ" ಎಂದರು.

ಈ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುತಜ್ಞನಾದ ವಿಟ್ರೂವಿಯಸನು ದೂರವನ್ನು ಅಳೆಯುವ ಒಂದು ಗಾಡಿಯನ್ನು ವರ್ಣಿಸಿದ್ದಾನೆ. ಅದರ ಗಾಲಿಯು ಒಮ್ಮೆ ಸುತ್ತಿದರೆ ಹನ್ನೆರಡೂವರೆ ಅಡಿ. ಪ್ರತಿ ಸುತ್ತಿಗೂ 400 ಹಲ್ಲುಗಳ ಒಂದು ಗಾಲಿಯು ಒಂದೊಂದು ಹಲ್ಲು ಜರುಗುತ್ತದೆ. ಅದು ಪೂರ್ತಿ ಒಂದು ಸುತ್ತು ಬಂದಾಗ 5,000 ಅಡಿ, ಅಂದರೆ ಒಂದು ರೋಮನ್ ಮೈಲು, ಆಗಿರುತ್ತದೆ. ಆಗ ಮೇಲಿನ ತಟ್ಟೆಯಿಂದ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಸದ್ದುಮಾಡಿ ಬೀಳುತ್ತದೆ. ಸಂಜೆಗೆ ಹರಳುಗಳನ್ನು ಎಣಿಸಿದರೆ ಆ ದಿನದ ಪ್ರಯಾಣವು ತಿಳಿಯಿತು.

ಈಗ, ದಾರಿಯಲ್ಲಿ ಹಲ್ಲೊಂದು ಮುರಿದು ಹರಳುಗಳು ಬೀಳುವುದು ನಿಂತಿತೆನ್ನಿ. ಗಾಡಿಯವನು ಪ್ರಾಮಾಣಿಕನು. ಮೂರು ಮೈಲು ಬಂದಿರಬೇಕೆಂದು ಊಹಿಸಿ ಮೂರು ಹರಳುಗಳನ್ನು ತಾನೇ ಪಾತ್ರೆಗೆ ಹಾಕುತ್ತಾನೆ. ಅವನ ಊಹೆಯು ಸರಿಯೇ ಆಗಿರಲಿ. ಆದರೂ ಆ ಮೂರು ಹರಳುಗಳು ಉಳಿದವುಗಳ ಜಾತಿಯವಲ್ಲ. ಉಳಿದವನ್ನು ಹಾಕಿದುದು ನೆಲ. ಇವನ್ನು ಹಾಕಿದುದು ಮನುಷ್ಯನ ಕೈ. ನೋಡಲು ಎರಡೂ ಒಂದೇ, ಬೆರೆತ ಮೇಲೆ ಬೇರ್ಪಡಿಸಲು ಬರುವುದಿಲ್ಲ. ಸಂಜೆ ಎಣಿಸುವವನಿಗೆ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂಬುದು ತಿಳಿಯದು. ಮೂರು ಹರಳುಗಳಿಂದಾಗಿ ಅವನು ಪಾತ್ರೆಯಲ್ಲಿರುವ ಮೂವತ್ತನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಅಧ್ಯಾಪಕರಾದ ನಮಗೆ ಇದರ ಪರಿಚಯವು ಬೇರೊಂದು ಕಡೆಯಿಂದ ಇದ್ದೇ ಇದೆ. ಮಂಗಳವಾರ ಹಾಜರಿ ಕರೆಯಲು ಮರೆತು, ಗುರುವಾರ ಕುಳಿತು ನೆನಪಿನಿಂದ ಆ ಅಂಕಣವನ್ನು ತುಂಬಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ನಾವೂ ತುಂಬಿಸಿದ್ದೇವೆ. ಬಹುಶಃ ಒಂದು ಹೆಸರೂ ತಪ್ಪಿರಲಿಲ್ಲ. ಆದರೆ ಹಾಜರಿ ಪುಸ್ತಕವು ಹೇಳುವುದು, ಮಂಗಳವಾರ ಬೆಳಗ್ಗೆ ಹೆಸರು ಕೂಗಿದಾಗ ಈ ಹುಡುಗನು ಓಗೊಟ್ಟನು ಎಂದು. ಹುಡುಗನು ಬಂದಿದ್ದನೆಂದು ಅಧ್ಯಾಪಕನಿಗೆ ಎರಡು ದಿನ ಕಳೆದು ತೋರಿತು ಎಂದಲ್ಲ. ಒಂದು ಸಂಖ್ಯೆಯ ಯೋಗ್ಯತೆಯನ್ನು ಅದು ನಿಜಕ್ಕೆ ಹೊಂದುತ್ತದೆಯೇ ಎಂಬುದರಿಂದ ಮಾತ್ರ ಅಳೆಯಲಾಗದು, ಅದು ಬಂದ ದಾರಿಯನ್ನೂ ಕೇಳಬೇಕು ಎಂಬ ನಿಲುವಿಗೆ ನಾವು ಬಂದುದು ಹೀಗೆ. ಮೀಟರನ್ನು ಜನರು ನಂಬುವುದು ಅದು ತಪ್ಪುವುದಿಲ್ಲವೆಂದಲ್ಲ. ಅದರಲ್ಲಿ ಯಾರ ಕೈಯೂ ಇಲ್ಲವೆಂದು. ನಮ್ಮ ಒಳ್ಳೆಯ ಕೈಯೂ ಅಲ್ಲಿ ಕೈಯೇ.

ಹಾಗಾದರೆ ಇದ್ದಲ್ಲಿಯೇ ಬಿಟ್ಟರೆ ಆಯಿತಲ್ಲ ಎಂದು ಹೇಳಬಹುದು. 61,347 ಸುಳ್ಳಲ್ಲ. ಒಂದೊಂದು ಮೈಲನ್ನೂ ಗಾಲಿಯೇ ಎಣಿಸಿದ್ದು. ಬಿಟ್ಟು, ಸುಮ್ಮನೆ ಮಾರಿದರೆ? ಮಹಾಭಾರತವನ್ನು ಓದಿದವರಿಗೆ ಇಲ್ಲಿ ದ್ರೋಣಪರ್ವದ ನೆನಪಾಗದೆ ಇರದು. ಧರ್ಮರಾಯನು ಅಂದು ಆಡಿದ ಮಾತಿನಲ್ಲಿ, ಅಕ್ಷರಕ್ಕೆ ಅಕ್ಷರ ನೋಡಿದರೆ, ಸುಳ್ಳಿರಲಿಲ್ಲ, ಆನೆಯೊಂದು ಸತ್ತಿತ್ತು. ಆದರೆ ಕೇಳುವವನು ಏನೆಂದು ತಿಳಿಯುವನೆಂಬುದನ್ನು ಬಲ್ಲವನು ಅದನ್ನು ಆಡಿದನು. ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥವು ಆಗ ನೆಲಕ್ಕೆ ತಾಗಿತೆಂಬುದು ಕತೆ. (ಅಲ್ಲಿಯ ತನಕ ಆ ರಥಕ್ಕೆ ವಿಟ್ರೂವಿಯಸನ ಗಾಡಿಯ ಉಪಾಯವನ್ನು ಕಟ್ಟಿದ್ದರೆ ಒಂದು ಹರಳೂ ಬೀಳುತ್ತಿರಲಿಲ್ಲವೆಂದು ನಮ್ಮ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ಅವಳ ಮಾತು ಸರಿ.) ನಿಂತ ಅಂಕಿಯನ್ನು ಮಾತಿಲ್ಲದೆ ಮಾರುವುದು ಇದೇ ವರ್ಗದ ಸತ್ಯ. ಸತ್ತ ಮೀಟರಾಗಿದ್ದರೆ ಕೊಳ್ಳುವವರು ಸಂಶಯಪಟ್ಟಾರು. ನಾವು ಅದನ್ನು ದುರಸ್ತಿ ಮಾಡಿಸಿದೆವಾದುದರಿಂದ ಅದು ಎಂದಿನಿಂದಲೂ ಓಡುತ್ತಿತ್ತೆಂದೇ ಅವರು ನಂಬುವರು. ಹೊಸ ಗೇರು ಹಳೆಯ ಸಂಖ್ಯೆಗೆ ಜಾಮೀನು ನಿಂತಂತಾಗುತ್ತದೆ. ಒಳ್ಳೆಯ ದುರಸ್ತಿಯೇ ಮೋಸಕ್ಕೆ ಸಾಧನವಾಗುವ ಈ ವಿಚಿತ್ರವು ನಮಗೆ ಮೊದಲು ಹೊಳೆದಿರಲಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ 1972ರ ಒಂದು ಕಾಯಿದೆಯು ಉತ್ತರ ಕೊಟ್ಟಿದೆ. ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಅಲ್ಲಿ ಅಪರಾಧ. ದುರಸ್ತಿಯಾದ ಮೇಲೆ ಮೊದಲಿನ ಅಂಕಿಯೇ ಉಳಿಯುವುದಾದರೆ ದುರಸ್ತಿಗೆ ಅಡ್ಡಿಯಿಲ್ಲ. ಉಳಿಸಲು ಸಾಧ್ಯವಿಲ್ಲದಿದ್ದರೆ ಸೊನ್ನೆಗೆ ಇಟ್ಟು, ಮೊದಲಿದ್ದ ಅಂಕಿಯನ್ನೂ ದುರಸ್ತಿಯ ತಾರೀಕನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಊಹೆಯ ಸಂಖ್ಯೆಯನ್ನು ಇಡಲು ಆ ಕಾಯಿದೆಯೂ ಒಪ್ಪುವುದಿಲ್ಲವೆಂಬುದನ್ನು ಗಮನಿಸಬೇಕು. ಯಂತ್ರವು ತನಗೆ ಗೊತ್ತಿದ್ದುದನ್ನು ಹೇಳಲಿ, ಉಳಿದುದನ್ನು ಮನುಷ್ಯನು ತನ್ನ ಹೆಸರಿನಲ್ಲಿ, ತನ್ನ ಅಕ್ಷರದಲ್ಲಿ ಹೇಳಲಿ ಎಂಬುದು ಅದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ. ಅದೇ ದೇಶದ ನಿವೃತ್ತ ವಿಜ್ಞಾನ ಅಧ್ಯಾಪಕರಾದ ಇರ್ವ್ ಗಾರ್ಡನ್ ಎಂಬವರು 1966ರಲ್ಲಿ ಕೊಂಡ ತಮ್ಮ ವೋಲ್ವೋ ಪಿ 1800 ಕಾರಿನಲ್ಲಿ 2013ರಲ್ಲಿ ಮೂವತ್ತು ಲಕ್ಷ ಮೈಲುಗಳನ್ನು ಪೂರೈಸಿದರು. ಐದಂಕಿಯ ಮೀಟರು 99,999ರ ಬಳಿಕ ಸೊನ್ನೆಗೆ ಮರಳುವಂಥದು. ಮೂವತ್ತು ಲಕ್ಷವನ್ನು ಹೊರಲು ಡಬ್ಬಿಯ ಜತೆಗೆ ಕಾಗದವೂ ಬೇಕು.

ಇಷ್ಟು ವಿಚಾರಿಸಿ, ಅಂಕಿಯನ್ನು 61,347ರಲ್ಲಿಯೇ ಬಿಡುವುದೆಂದೂ, ಮೀಟರು ನಿಂತಿದ್ದುದನ್ನೂ ನಮ್ಮ ಅಂದಾಜನ್ನೂ ಒಂದು ಕಾಗದದಲ್ಲಿ ಬರೆದು ಕೊಳ್ಳುವವರಿಗೆ ಕೊಡುವುದೆಂದೂ ನಾವು ನಿರ್ಧರಿಸಿದೆವು. ನಿರ್ಧರಿಸಿ ಸಮಾಧಾನದಿಂದ ಮನೆಗೆ ಹೊರಟಾಗ, ದಾರಿಯಲ್ಲಿ ಒಂದು ಮಾತು ಹೊಳೆದು ನಾವು ನಾಚಿದೆವು. ಕಾರು ನಮ್ಮದಲ್ಲ. ಕಾಗದವನ್ನು ಓದಿದ ಮೇಲೆ ಬೆಲೆಯು ಇಳಿಯುವುದು ಖಂಡಿತ. ಆ ಇಳಿಕೆಯು ನಮ್ಮ ಜೇಬಿನಿಂದ ಹೋಗುವುದಲ್ಲ, ಟೀಚರ ಕೈಯಿಂದ.

ರಾಘವಾಂಕನ ಹರಿಶ್ಚಂದ್ರನನ್ನು ನಾವು ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ಮಾತಿಗಾಗಿ ರಾಜ್ಯವನ್ನು ಬಿಟ್ಟವನು ಎಂದು ಹೇಳುವಾಗ ನಮ್ಮ ದನಿ ಏರುತ್ತಿತ್ತು. ರಾಜ್ಯವು ಅವನದು, ಬಿಡಲಿ. ಆದರೆ ಕಾಶಿಯಲ್ಲಿ ಮಾರಾಟವಾದವರಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಇದ್ದರು. ಅವನ ಸತ್ಯಕ್ಕೆ ಅವರೂ ಬೆಲೆ ತೆತ್ತರು. ಹಾವು ಕಚ್ಚಿದುದು ಮಗುವನ್ನು. ಚಂದ್ರಮತಿಯು ಒಪ್ಪಿಯೇ ನಡೆದಳೆಂಬುದು ನಿಜ. ಒಪ್ಪದಿದ್ದರೆ ಹರಿಶ್ಚಂದ್ರನು ಏನು ಮಾಡಬೇಕಾಗಿತ್ತು ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ. ಪರರ ಹಣದಲ್ಲಿ ದಾನ ಮಾಡುವವನನ್ನು ನಾವು ನಗುತ್ತೇವೆ. ಪರರ ಹಣದಲ್ಲಿ ಸತ್ಯವಂತರಾಗುವುದಕ್ಕೆ ಮಾತ್ರ ನಗುವುದಿಲ್ಲ.

ಹಾಗೆಂದು, ಟೀಚರು ಬೇಡವೆಂದಿದ್ದರೆ ನಾವು ಮೌನದಿಂದ ಮಾರಲು ನೆರವಾಗುತ್ತಿದ್ದೆವೇ? ಇಲ್ಲವೆಂದೇ ಈಗ ತೋರುತ್ತದೆ. ಕೊಳ್ಳುವವರಿಗೆ ನಿಜವನ್ನು ತಿಳಿಯುವ ಹಕ್ಕು ಟೀಚರ ಒಪ್ಪಿಗೆಯನ್ನು ಅವಲಂಬಿಸಿದ್ದಲ್ಲ. ಆದರೆ ಆಗ ನಾವು ಮಾಡಬಹುದಾಗಿದ್ದುದು ಈ ವ್ಯವಹಾರದಿಂದ ದೂರ ಸರಿಯುವುದು ಅಥವಾ ವ್ಯತ್ಯಾಸದ ಹಣವನ್ನು ನಾವೇ ತೆರುವುದು. ಎರಡನೆಯದಕ್ಕೆ ನಾವು ಸಿದ್ಧರಿದ್ದೆವೇ ಎಂದು ಯಾರಾದರೂ ಕೇಳಿದರೆ, ಆ ಸಂಜೆ ಬೇಗನೆ ಬಾಯಿ ಬಿಡುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಮಾರನೆಯ ದಿನ ಹೋಗಿ ಎಲ್ಲವನ್ನೂ ತಿಳಿಸಿದೆವು. ಟೀಚರು ಮೊದಲು ಕೇಳಿದುದು ಬೆಲೆಯನ್ನಲ್ಲ. "ಅವರಿಗೆ ಗೊತ್ತಿತ್ತಾ, ಮೀಟರು ನಿಂತದ್ದು?" ಎಂದರು. ಗೊತ್ತಿರಲಿಕ್ಕಿಲ್ಲ, ಮುಳ್ಳು ಆಡುತ್ತಿತ್ತಲ್ಲ ಎಂದೆವು. ಅವರು ಸ್ವಲ್ಪ ಹೊತ್ತು ಅಂಗಳದ ಕಡೆಗೆ ನೋಡಿದರು. ಕೊನೆಯ ವರ್ಷಗಳಲ್ಲಿ ಅವರಿಬ್ಬರೂ ಆ ಕಾರಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದುದು ನಮಗೆ ಗೊತ್ತಿತ್ತು. ಆ ಪ್ರಯಾಣಗಳಲ್ಲಿ ಒಂದೂ ಮೀಟರಿನಲ್ಲಿ ಇಲ್ಲ. "ನಿಂತದ್ದು ನಿಂತಲ್ಲೇ ಇರಲಿ" ಎಂದರು. "ಬಾಕಿಯದ್ದನ್ನು ಕಾಗದದಲ್ಲಿ ಬರೆಯುವ. ನಾನೇ ಬರೆಯುತ್ತೇನೆ, ನಿಮ್ಮ ಅಕ್ಷರ ಯಾರಿಗೂ ಓದಲಿಕ್ಕೆ ಬರುವುದಿಲ್ಲ."

ಅವರು ಬರೆದ ಕಾಗದವು ಎಂಟು ಸಾಲಿನದು. ಸರ್ವಿಸಿನ ರಸೀತಿಯ ತಾರೀಕು ಮತ್ತು ಅಂಕಿ, ಲೆಕ್ಕವು ಅದರ ಬಳಿಕ ಎಂದೋ ನಿಂತಿತ್ತೆಂಬುದು, ಗೇರುಗಳನ್ನೂ ಕೇಬಲನ್ನೂ ಬದಲಿಸಿದ ದಿನ, ಪೆಟ್ರೋಲಿನ ಚೀಟಿಗಳಿಂದ ಮಾಡಿದ ಅಂದಾಜು, ಅಂದಾಜು ಅಂದಾಜೇ ಎಂಬ ಮಾತು. ಕೆಳಗೆ ಅವರ ರುಜು, ಸಾಕ್ಷಿಯಾಗಿ ಮೇಸ್ತ್ರಿಗಳ ಮತ್ತು ನಮ್ಮ ರುಜು. ಮೇಸ್ತ್ರಿಗಳು ಗೇರಿನ ಮತ್ತು ಕೇಬಲಿನ ಬೆಲೆಯನ್ನು ಮಾತ್ರ ತೆಗೆದುಕೊಂಡರು. ಅದನ್ನಾದರೂ ನಾವು ಕೊಡುತ್ತೇವೆಂದರೆ ಟೀಚರು ಒಪ್ಪಲಿಲ್ಲ.

ಮುಚ್ಚಿದ ಮೀಟರನ್ನು ಕೂರಿಸಿ, ರಸ್ತೆಯ ಬದಿಯ ಕಲ್ಲುಗಳನ್ನು ನೋಡುತ್ತ ಎಂಟು ಕಿಲೋಮೀಟರು ಓಡಿಸಿದೆವು. ಮೀಟರು ಮೈಲಿನದು, ಕಲ್ಲುಗಳು ಕಿಲೋಮೀಟರಿನವು, ಎಂಟಕ್ಕೆ ಐದು. ಅಂಕಿಯು 61,352ಕ್ಕೆ ಬಂದಿತು. ಮುಳ್ಳು ನಡುಗಲಿಲ್ಲ.

ಮಂಗಳೂರಿಗೆ ಕಾರನ್ನು ಒಯ್ದವರು ನಾವೇ. ಟೀಚರು ಪಕ್ಕದಲ್ಲಿ ಕುಳಿತಿದ್ದರು. ಗೃಹಸ್ಥರ ಅಂಗಳದಲ್ಲಿ ನಿಲ್ಲಿಸಿದಾಗ 61,383 ಇತ್ತು. ಅವರು ಕಾಗದವನ್ನು ಎರಡು ಸಲ ಓದಿ, ನುಡಿದಿದ್ದ ಬೆಲೆಯಲ್ಲಿ ಹತ್ತು ಸಾವಿರ ರೂಪಾಯಿ ಇಳಿಸಿದರು. ಅದು ಅನ್ಯಾಯವೆಂದು ನಮಗೆ ಅನಿಸಲಿಲ್ಲ. ಟೀಚರು ಚೌಕಾಶಿ ಮಾಡಲಿಲ್ಲ; ಹಣವನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡು, ಕಾಗದವನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಬಾಗಿಲಿನ ಒಳಗಡೆ ಗಾಜಿನ ಕೆಳಗೆ ಅಂಟಿಸುವೆವೆಂದು ಅವರು ಹೇಳಿದರು. ನಾವು ಸಂಜೆಯ ಬಸ್ಸಿನಲ್ಲಿ ಕಾಸರಗೋಡಿಗೆ ಹಿಂತಿರುಗಿದೆವು.